ಮೊರದಲ್ಲಿ ಕಲ್ಲು ಹುಡುಕುವ ಕಣ್ಣು

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವಳಿದ್ದಾಗ, ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿ ಜಗಲಿಯಲ್ಲಿ ಬೆಳಕಿಗೆ ಕೂತು ಮರುದಿನದ ಅಕ್ಕಿ ಆರಿಸುತ್ತಿದ್ದಳು. ಮೊರದ ಒಂದು ತುದಿಯಲ್ಲಿ ಅಕ್ಕಿಯ ರಾಶಿ. ಅದರಿಂದ ಒಂದಿಷ್ಟನ್ನು ಎಳೆದು, ಬೆರಳಿನಿಂದ ತೆಳ್ಳಗೆ ಹರಡಿ, ನೋಡಿ, ಇನ್ನೊಂದು ತುದಿಗೆ ಸರಿಸುವಳು. ನೋಡದ್ದು ಆ ಕಡೆ, ನೋಡಿದ್ದು ಈ ಕಡೆ. ಮೊದಲು ಸಿಕ್ಕಿದ ಕಲ್ಲನ್ನು ಮಾತ್ರ ಎಸೆಯುತ್ತಿರಲಿಲ್ಲ. ಮೊರದ ಅಂಚಿನಲ್ಲಿಟ್ಟು, "ಇಂಥದ್ದು ನೋಡು ಮಗಾ" ಅನ್ನುತ್ತಿದ್ದಳು. ಮುಂದೆ ಮನಃಶಾಸ್ತ್ರ ಓದುವಾಗ, ಕಣ್ಣಿನ ಹುಡುಕಾಟದ ಬಗ್ಗೆ ಎಲ್ಲಿ ಓದಿದರೂ ನನಗೆ ಆ ಮೊರವೇ ನೆನಪಾಗುತ್ತಿತ್ತು.

ಈಗ ನೀವು ಒಂದು ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಹೆಚ್ಚುಕಡಿಮೆ ಆ ಉಗುರಿನ ಅಗಲದಷ್ಟು ಜಾಗ ಮಾತ್ರ ಒಂದು ಸಲಕ್ಕೆ ನಮಗೆ ತೀರ ಸ್ಪಷ್ಟವಾಗಿ ಕಾಣುವುದು. ಸುತ್ತಲಿನದೆಲ್ಲ ಮಸುಕು. ಆದ್ದರಿಂದಲೇ ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತಿರುತ್ತದೆ. ಬಿಳಿ ಅಕ್ಕಿಯಲ್ಲಿ ಕರಿಕಲ್ಲಿದ್ದರೆ, ಕಾಳು ನೂರಿರಲಿ ಸಾವಿರವಿರಲಿ, ಅದು ತಾನಾಗಿ ಎದ್ದು ಕಾಣುತ್ತದೆ. ಬೆಣಚುಕಲ್ಲಿನ ಚೂರಾದರೆ ಹಾಗಲ್ಲ, ಜಾಗ ಜಾಗಕ್ಕೂ ಗಮನ ಕೊಡಬೇಕು. ಮನಃಶಾಸ್ತ್ರಜ್ಞರಾದ ಆನ್ ಟ್ರೀಸ್ಮನ್ ಮತ್ತು ಗೆಲೇಡ್ 1980ರಲ್ಲಿ ಮಂಡಿಸಿದ ಸಿದ್ಧಾಂತ ಈ ವ್ಯತ್ಯಾಸದಿಂದಲೇ ಹೊರಟದ್ದು.

ಹಾಗೆ ಜಿಗಿಯುವ ಕಣ್ಣಿಗೆ, ತಾನು ಎಲ್ಲೆಲ್ಲಿ ನೋಡಿಯಾಯಿತು ಎಂಬ ನೆನಪಿರುತ್ತದೆಯೇ?

ಇರಲೇಬೇಕು ಅನ್ನಿಸುತ್ತದಲ್ಲವೇ? 1998ರಲ್ಲಿ ಅಮೆರಿಕದ ಟಾಡ್ ಹೊರೊವಿಟ್ಜ್ ಮತ್ತು ಜೆರೆಮಿ ವುಲ್ಫ್ ಒಂದು ಜಾಣ ಪ್ರಯೋಗ ಮಾಡಿದರು. ಪರದೆಯ ಮೇಲೆ ಹಲವು ಎಲ್ ಅಕ್ಷರಗಳ ನಡುವೆ ಒಂದೇ ಒಂದು ಟಿ ಅಕ್ಷರ. ಅದನ್ನು ಹುಡುಕಬೇಕು. ಆದರೆ ಅಕ್ಷರಗಳು ನಿಂತಲ್ಲಿ ನಿಲ್ಲುವುದಿಲ್ಲ, ಸೆಕೆಂಡಿಗೆ ಸುಮಾರು ಒಂಬತ್ತು ಸಲ ಎಲ್ಲವೂ ಜಾಗ ಬದಲಿಸುತ್ತವೆ. ಯಾರೋ ಮೊರವನ್ನು ಕುಲುಕುತ್ತಲೇ ಇದ್ದ ಹಾಗೆ. ನೋಡಿದ ಜಾಗದ ನೆನಪು ನಿಜಕ್ಕೂ ನೆರವಾಗುವುದಾದರೆ, ಇಲ್ಲಿ ಹುಡುಕಾಟದ ದಕ್ಷತೆ ಕುಸಿಯಬೇಕಿತ್ತು. ಅದು ಕುಸಿಯಲಿಲ್ಲ. ದೃಶ್ಯ ಹುಡುಕಾಟಕ್ಕೆ ನೆನಪೇ ಇಲ್ಲ ಎಂದು ಅವರು ಬರೆದರು.

ಈ ಮಾತನ್ನು ಎಲ್ಲರೂ ಒಪ್ಪಲಿಲ್ಲ. 2001ರಲ್ಲಿ ಪೀಟರ್ಸನ್ ಮತ್ತು ಸಂಗಡಿಗರು ಕಣ್ಣಿನ ಜಿಗಿತಗಳನ್ನೇ ಅಳೆದು ನೋಡಿದರು. ನೆನಪಿಲ್ಲದ ಕಣ್ಣು ಎಷ್ಟು ಸಲ ಹಿಂದಿರುಗಬೇಕಿತ್ತೋ ಅದಕ್ಕಿಂತ ಬಹಳ ಕಡಿಮೆ ಸಲ ನಮ್ಮ ಕಣ್ಣು ನೋಡಿದಲ್ಲಿಗೆ ಮರಳುತ್ತದೆ. ಅದಕ್ಕೂ ಮೊದಲೇ, 1988ರಲ್ಲಿ, ಕೆನಡಾದ ರೇಮಂಡ್ ಕ್ಲೈನ್ ಇನ್ನೊಂದು ಸುಳಿವು ಕೊಟ್ಟಿದ್ದರು: ಈಗಷ್ಟೇ ಹುಡುಕಿದ ಜಾಗದಲ್ಲಿ ಒಂದು ಚುಕ್ಕೆ ಮೂಡಿಸಿದರೆ, ಅದನ್ನು ಗುರುತಿಸಲು ನಮಗೆ ಕೊಂಚ ತಡವಾಗುತ್ತದೆ. ಗಮನವು ಬಿಟ್ಟುಬಂದ ಜಾಗಕ್ಕೆ ಮನಸ್ಸು ಒಂದು ಸಣ್ಣ ತಡೆ ಹಾಕಿರುತ್ತದೆ. ಈ ಎರಡನ್ನೂ ಕೂಡಿಸಿ ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ನೆನಪು ಇದೆ, ಆದರೆ ಬಹಳ ಗಿಡ್ಡದು. ಇತ್ತೀಚಿನ ಕೆಲವು ಜಾಗಗಳಷ್ಟೇ ಅದರ ಹಿಡಿತದಲ್ಲಿರುತ್ತವೆ. ಅಜ್ಜಿ ಆ ಹೊರೆಯನ್ನು ತಲೆಯ ಮೇಲೆ ಹಾಕಿಕೊಳ್ಳಲೇ ಇಲ್ಲ. ಅವಳ ಬೆರಳು ಸರಿಸಿದ ಅಕ್ಕಿಯೇ ಅವಳ ನೆನಪಾಗಿತ್ತು.

ಇನ್ನೊಂದು ಬಗೆಯ ನೆನಪು ನಮಗೆ ಗೊತ್ತೇ ಆಗದಂತೆ ಕೆಲಸ ಮಾಡುತ್ತದೆ. ಮಾರ್ವಿನ್ ಚುನ್ ಮತ್ತು ಯುಹಾಂಗ್ ಜಿಯಾಂಗ್, ಇದೂ 1998ರಲ್ಲೇ, ಅಂಥದ್ದೇ ಟಿ ಹುಡುಕುವ ಆಟದಲ್ಲಿ ಕೆಲವು ಚಿತ್ರಗಳನ್ನು ಸದ್ದಿಲ್ಲದೆ ಮತ್ತೆ ಮತ್ತೆ ತೋರಿಸಿದರು. ಆ ಚಿತ್ರಗಳಲ್ಲಿ ಜನ ಬೇಗ ಹುಡುಕತೊಡಗಿದರು. ಯಾವುವು ಹಳೆಯವು, ಯಾವುವು ಹೊಸವು ಎಂದು ಕೇಳಿದರೆ ಹೇಳಲಾರರು! ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಕಣ್ಣು ನೇರವಾಗಿ ಸಾಸಿವೆ ಡಬ್ಬಿಯ ಮೇಲೆ ಹೋಗಿ ಕೂರುತ್ತದೆ. ನೆಂಟರ ಮನೆಯಲ್ಲಿ ಡಬ್ಬಿ ಎದುರಿಗೇ ಇದ್ದರೂ ತಡಕಾಡುತ್ತೇವೆ.

ಅಂಚಿನಲ್ಲಿಟ್ಟ ಆ ಮೊದಲ ಕಲ್ಲಿಗೆ ಬರೋಣ. ಹುಡುಕುವುದು ಏನನ್ನು ಎಂಬ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡರೆ ಗಮನ ಅದನ್ನೇ ಅನುಸರಿಸಿ ಹೋಗುತ್ತದೆ. ಅಜ್ಜಿ ನನಗೆ ಕೊಟ್ಟದ್ದು ಆ ಚಿತ್ರವನ್ನು. ಆದರೆ ಇದಕ್ಕೊಂದು ಬೆಲೆಯೂ ಇದೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ಮಂದಿ ರೇಡಿಯಾಲಜಿ ತಜ್ಞರಿಗೆ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಅದರ ಮೇಲೇ ಬಿದ್ದಿತ್ತು. ದಯವಿಟ್ಟು ಇದನ್ನು ಅಜಾಗರೂಕತೆ ಅನ್ನಬೇಡಿ. ಅವರ ಗಮನ ತುಂಬಿಕೊಂಡೇ ಇತ್ತು, ಗಂಟುಗಳಿಂದ.

ನನ್ನನ್ನು ಹೆಚ್ಚು ಕಾಡಿದ್ದು ವುಲ್ಫ್ ಮತ್ತು ಸಂಗಡಿಗರ 2005ರ ಇನ್ನೊಂದು ಪ್ರಯೋಗ. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಶೇ. 7ರಷ್ಟನ್ನು ತಪ್ಪಿಸಿಕೊಂಡರು. ಅದೇ ವಸ್ತು ನೂರು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು ತಪ್ಪಿಹೋಯಿತು. 'ಇಲ್ಲ, ಇಲ್ಲ, ಇಲ್ಲ' ಎಂಬ ಉತ್ತರಗಳ ನೆನಪು ಒಂದರ ಮೇಲೊಂದು ಕೂತು, ಹುಡುಕಾಟವನ್ನು ಬೇಗ ನಿಲ್ಲಿಸಿಬಿಡುತ್ತದೆ. ಪ್ಯಾಕೆಟ್ ಅಕ್ಕಿಯನ್ನು ನಾವು ಈಗ ಸುಮ್ಮನೆ ತೊಳೆದು ಒಲೆಗಿಡುತ್ತೇವಲ್ಲ, ಹಾಗೆ. ಅಕ್ಕಿಯಲ್ಲಾದರೆ ಹಲ್ಲಿಗೆ ಕಲ್ಲು ಸಿಕ್ಕೀತು, ಅಷ್ಟೆ. ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಸಾವಿರ ಚಿತ್ರಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ ಮಾತ್ರ ರೋಗವಿರುತ್ತದೆ, ಮತ್ತು ಅದರಲ್ಲಿ ಪ್ರತಿಯೊಂದೂ ಒಬ್ಬ ಹೆಣ್ಣಿನ ಜೀವ.

ಇದಕ್ಕೆ ದಾರಿಗಳಿವೆ. ವಿಮಾನ ನಿಲ್ದಾಣಗಳ ಎಕ್ಸ್-ರೇ ಪರದೆಯಲ್ಲಿ ಆಗಾಗ ಆಯುಧದ ಸುಳ್ಳು ಚಿತ್ರವೊಂದನ್ನು ಸೇರಿಸುತ್ತಾರೆ, ಸಿಬ್ಬಂದಿ ಗುರುತಿಸಿದೊಡನೆ ಇದು ಪರೀಕ್ಷೆ ಎಂದು ತಿಳಿಸುತ್ತಾರೆ. ಬ್ರಿಟನ್ನಿನ ಸ್ತನ ತಪಾಸಣೆಯಲ್ಲಿ ಒಂದೇ ಚಿತ್ರವನ್ನು ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ.

ನಾನು ಆರಿಸಿ ಮುಗಿಸಿದೆ ಎಂದಾಗಲೂ ಅಜ್ಜಿ ಮೊರವನ್ನು ನೇರವಾಗಿ ಒಳಗೆ ಒಯ್ಯುತ್ತಿರಲಿಲ್ಲ. "ತಾ ಇಲ್ಲಿ, ನಾನೂ ಒಂದ್ಸಲ ನೋಡ್ತೀನಿ" ಎಂದು ತನ್ನ ಮಡಿಲಿಗೆ ಎಳೆದುಕೊಂಡು, ಅಕ್ಕಿಯನ್ನು ಮತ್ತೆ ಆ ತುದಿಯಿಂದ ಈ ತುದಿಗೆ ಸರಿಸತೊಡಗುತ್ತಿದ್ದಳು.

ನಮಸ್ಕಾರ.