ಕಾರಿನ ಮೇಲೆ ಕುಳಿತ ಪರರ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ. ಆಯುಧಪೂಜೆ ಹತ್ತಿರ ಬಂದಿದೆ. ಈ ದಿನಗಳಲ್ಲಿ ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಂದಲ್ಲ ಒಂದು ಮನೆಯ ಮುಂದೆ ಕಂಪ್ರೆಸರಿನ ಸದ್ದು ಕೇಳಿಸುತ್ತದೆ. ಗೇಟಿಗೆ, ಕಿಟಕಿಯ ಗ್ರಿಲ್ಲಿಗೆ, ಅಂಗಡಿಯ ಷಟರಿಗೆ ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆಯುವ ಕಾಲ ಇದು. ಹಬ್ಬಕ್ಕೆ ಮೂರು ದಿನ ಉಳಿದಿರುವಾಗ ನನ್ನ ಗ್ಯಾರೇಜಿನ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಪಕ್ಕದ ಮನೆಯ ಬಣ್ಣ ಕಾರಿಗೆ ಮಾಡಿದ ಹಾನಿಗಿಂತ, ಆ ಬಣ್ಣವನ್ನು ತೆಗೆಯಲು ಹೋದ ಕಾರಿನ ಯಜಮಾನರು ಮಾಡಿದ ಹಾನಿಯೇ ಅಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಆದ್ದರಿಂದ ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಕಾರಿನ ಮೇಲೆ ಕುಳಿತ ಪರರ ಬಣ್ಣವನ್ನು ಎತ್ತಿ ತೆಗೆಯಿರಿ, ಕರಗಿಸಬೇಡಿ.

ಸ್ಪ್ರೇ ಗನ್ನಿನಿಂದ ಹೊರಟ ಬಣ್ಣವೆಲ್ಲ ಗೇಟಿಗೆ ಅಂಟುವುದಿಲ್ಲ. ಒಂದಷ್ಟು ಪಾಲು ಮಂಜಿನಂತೆ ಗಾಳಿಯಲ್ಲಿ ತೇಲಿ, ಹೋಗುವ ದಾರಿಯಲ್ಲೇ ಅರ್ಧ ಒಣಗಿ, ಎದುರು ಸಿಕ್ಕ ಕಾರಿನ ಮೇಲೆ ಇಳಿಯುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಓವರ್‌ಸ್ಪ್ರೇ ಎನ್ನುತ್ತೇವೆ. ಅರ್ಧ ಒಣಗಿ ಬಂದ ಹನಿಯು ಕಾರಿನ ಬಣ್ಣದೊಳಗೆ ಬೆರೆಯದೆ, ತಟ್ಟೆಗೆ ಅಂಟಿದ ಒಣ ಅನ್ನದ ಅಗುಳಿನಂತೆ ಮೇಲೆಯೇ ಕುಳಿತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ. ತೊಳೆದು ಒರೆಸಿದ ಬಾನೆಟ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮೆಲ್ಲನೆ ಸವರಿ ನೋಡಿ. ರವೆ ಚೆಲ್ಲಿದ ಹಾಗೆ ತರಿತರಿಯಾಗಿದ್ದರೆ ಅದು ಓವರ್‌ಸ್ಪ್ರೇ ಇದ್ದೀತು. ಮೇಲೆ ಕುಳಿತದ್ದನ್ನು ಎಬ್ಬಿಸಿದರೆ ಸಾಕು. ಅದಕ್ಕೇ ಎತ್ತಿ ತೆಗೆಯಿರಿ ಎಂದೆ.

ಕಾರಿನ ಸ್ವಂತ ಬಣ್ಣ ಎಷ್ಟು ತೆಳು ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ತಗಡಿನ ಮೇಲೆ ಕಾರ್ಖಾನೆಯಲ್ಲಿ ಹಾಕುವ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಇರುತ್ತವೆ, ಎಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗವೋ ಹತ್ತನೆಯ ಒಂದು ಭಾಗವೋ ಅಷ್ಟೆ. ಅದರಲ್ಲಿ ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಕಾರ್ಖಾನೆಯವರು ಈ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ರಬ್ಬರು, ವೈರು, ಸೀಟುಗಳೆಲ್ಲ ಇರುವ ಕಾರನ್ನು ಗ್ಯಾರೇಜಿನಲ್ಲಿ ಅಷ್ಟು ಕಾಯಿಸಲಾಗದು; ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆಯಾದ ಬೂತ್ ಒಳ್ಳೆಯದಿದ್ದರೂ 60 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಿಸಬೇಕು. ರಸ್ತೆ ಬದಿಯಲ್ಲಿ ಅಗ್ಗದ ಎನ್‌ಸಿ ಬಣ್ಣ, ಎಂದರೆ ಗಾಳಿಗೇ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ, ಹೊಡೆಸಿದ್ದರೆ ಆ ಶಾಖವೂ ಇಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ಈಗ ನಾನು ಹೇಳುವ ಮೇಷ್ಟ್ರ ಕಥೆ ನಿಂತಿರುವುದೇ ಅದರ ಮೇಲೆ.

ಅವರು ನಿವೃತ್ತ ಪ್ರೌಢಶಾಲಾ ಮೇಷ್ಟ್ರು. ಕಡುಗೆಂಪು ಬಣ್ಣದ ಕಾರನ್ನು ಹನ್ನೊಂದು ವರ್ಷ ಮಗುವಿನಂತೆ ಸಾಕಿದವರು. ಒಂದು ವರ್ಷ ಮಹಾನವಮಿಗೆ ನಾಲ್ಕು ದಿನ ಮುಂಚೆ ಎದುರು ಮನೆಯವರು ಗೇಟಿಗೆ ಕಪ್ಪು ಎನಾಮೆಲ್ ಹೊಡೆಸಿದರು. ಸಂಜೆ ಮೇಷ್ಟ್ರು ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ತರಿತರಿ. ಮೊದಲು ಒಣಬಟ್ಟೆಯಿಂದ ಉಜ್ಜಿದರು. ಬಣ್ಣ ಹೋಗಲಿಲ್ಲ, ಗೀರುಗಳು ಬಂದವು. ಮರುದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಸಲಹೆಯಂತೆ ಅರ್ಧ ಲೀಟರ್ ಥಿನ್ನರ್ ತಂದು, ಹಳೆಯ ಬಿಳಿ ಪಂಚೆಯ ತುಂಡಿಗೆ ಹಾಕಿಕೊಂಡು ಬಾನೆಟ್ಟನ್ನು ಒರೆಸಿದರು. ಕಪ್ಪು ಚುಕ್ಕೆಗಳು ಮಾಯವಾದವು. ಬೇಯಿಸಿದ ಕಾರ್ಖಾನೆಯ ಬಣ್ಣವಾದ್ದರಿಂದ ಅದು ಆ ಕ್ಷಣಕ್ಕೆ ತಡೆದುಕೊಂಡಿತು. ಮೇಷ್ಟ್ರಿಗೆ ಧೈರ್ಯ ಬಂತು. ಎಡಗಡೆಯ ಹಿಂದಿನ ಬಾಗಿಲಿಗೆ ಬಂದರು. ಆ ಬಾಗಿಲಿಗೆ ಆರು ವರ್ಷಗಳ ಹಿಂದೆ ಹಾಲಿನ ವ್ಯಾನು ತಾಗಿ, ರಸ್ತೆ ಬದಿಯಲ್ಲಿ ಬಣ್ಣ ಹೊಡೆಸಿದ್ದರು. ಅದು ಅವರಿಗೇ ಮರೆತುಹೋಗಿತ್ತು. ಎರಡು ಸಲ ಒರೆಸುವಷ್ಟರಲ್ಲಿ ಬಿಳಿ ಪಂಚೆ ಕುಂಕುಮದ ನೀರಿನಲ್ಲಿ ಅದ್ದಿದಂತಾಯಿತು. ಗಾಬರಿಯಲ್ಲಿ ಅದೇ ಬಟ್ಟೆಯಿಂದ ಹಿಂದಿನ ದೀಪವನ್ನೂ ಒರೆಸಿದ್ದರಿಂದ ಅದರ ಪ್ಲಾಸ್ಟಿಕ್ ಹಾಲಿನಂತೆ ಮಸುಕಾಗಿ ಸಣ್ಣ ಬಿರುಕುಗಳನ್ನು ಬಿಟ್ಟಿತು.

ನನ್ನ ಬಳಿ ಬಂದಾಗ ಆ ಪಂಚೆಯ ತುಂಡನ್ನು ಸಾಕ್ಷಿಯಂತೆ ಮಡಿಸಿ ತಂದಿದ್ದರು. “ಎದುರು ಮನೆಯ ಬಣ್ಣ ಯಾವುದು, ನಿಮ್ಮ ಬಣ್ಣ ಯಾವುದು ಎಂದು ಥಿನ್ನರ್ ಕೇಳುವುದಿಲ್ಲ, ಸಾರ್. ಸಿಕ್ಕಿದ್ದನ್ನು ಕರಗಿಸುತ್ತದೆ,” ಎಂದೆ. ಅವರು ನಕ್ಕು, “ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನೇ ಅಲ್ಲವೇನಪ್ಪ,” ಎಂದರು. ಥಿನ್ನರ್ ತಾಗದೆ ಉಳಿದಿದ್ದ ಟಾಪು ಮತ್ತು ಬಲಗಡೆಯ ಬಾಗಿಲುಗಳಿಂದ ಕಪ್ಪು ಚುಕ್ಕೆಗಳನ್ನು ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಎಡ ಬಾಗಿಲಿಗೆ ಮತ್ತೆ ಮೇಲ್ಮೈ ಸಮ ಮಾಡುವ ಪಟ್ಟಿಯ ಲೇಪ ಹಾಕಿ, ಪ್ರೈಮರ್ ಹೊಡೆದು, ಬಣ್ಣ ಹೊಂದಿಸಿ ಮುಗಿಸುವ ಹೊತ್ತಿಗೆ ಹಬ್ಬ ಕಳೆದುಹೋಗಿತ್ತು. ಆ ವರ್ಷ ಮೇಷ್ಟ್ರು ತಮ್ಮ ಕಾರಿಗೆ ನನ್ನ ಗ್ಯಾರೇಜಿನಲ್ಲೇ ಬೂದುಗುಂಬಳ ಒಡೆದು ಪೂಜೆ ಮಾಡಿದರು.

ಆ ಮುಕ್ಕಾಲು ಗಂಟೆಯಲ್ಲಿ ನಾನು ಬಳಸಿದ್ದು ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮಿದುವಾದ ಮುದ್ದೆ. ಹೆಸರು ಹಾಗಿದ್ದರೂ ಇದು ಕುಂಬಾರರ ಮಣ್ಣಲ್ಲ. ಹಿಗ್ಗುವ ರಾಳದಂಥ ವಸ್ತುವಿನಲ್ಲಿ ಅತಿ ನುಣುಪಾದ ಉಜ್ಜುಪುಡಿಯನ್ನು ಕಲಸಿ ಮಾಡಿದ್ದು. ಜಪಾನಿನ ತಡಾವೊ ಕೊಡಾಟೆ ಎಂಬವರ ಹೆಸರಿನಲ್ಲಿ ಇದಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ನನ್ನನ್ನು ಕೇಳಿದರೆ ಆ ಮನುಷ್ಯನಿಗೂ ಆಯುಧಪೂಜೆಯ ದಿನ ಒಂದು ಹೂವು ಸಲ್ಲಬೇಕು.

ವಿಧಾನ ಸರಳ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ದೂಳು ಉಳಿದರೆ ಅದೇ ಗೀರುತ್ತದೆ. ಕ್ಲೇಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಸಣ್ಣ ರೊಟ್ಟಿಯ ಹಾಗೆ ತಟ್ಟಿಕೊಳ್ಳಿ. ಎರಡಡಿ ಉದ್ದಗಲದ ಜಾಗದ ಮೇಲೆ ಕಾರಿನ ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸಿ, ಬೆರಳಿನ ಭಾರವಷ್ಟೇ ಬೀಳುವಂತೆ ಕ್ಲೇಯನ್ನು ಉದ್ದಕ್ಕೆ ಜಾರಿಸಿ. ಸುತ್ತಿಸಬೇಡಿ, ಒತ್ತಬೇಡಿ. ಮೊದಲು ಕರಕರ ಎನ್ನುತ್ತದೆ. ಮೇಲಿದ್ದ ಹನಿಗಳನ್ನು ಕ್ಲೇ ಎತ್ತಿಕೊಂಡ ಹಾಗೆಲ್ಲ ಸದ್ದು ಅಡಗಿ, ಕೈ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಆಗ ಕ್ಲೇಯನ್ನು ಮಡಿಸಿ, ನಾದಿ, ಹೊಸ ಮುಖ ಮೇಲೆ ಮಾಡಿಕೊಂಡು ಮುಂದಿನ ಜಾಗಕ್ಕೆ ಹೋಗಿ. ನೀರು ಆರಿದರೆ ಕೈ ನಿಲ್ಲಿಸಿ. ಒಣಗಿದ ಮೇಲ್ಮೈಯಲ್ಲಿ ಕ್ಲೇ ಎಳೆದರೆ ಎದುರು ಮನೆಯವರ ಬಣ್ಣವನ್ನು ಬೈಯುವ ಹಕ್ಕು ನಿಮಗೆ ಉಳಿಯುವುದಿಲ್ಲ.

ಗಾಜಿನಾಚೆಯಿಂದ ಸನ್ನೆ ಬಂತು, ಮೇಷ್ಟ್ರು ನನ್ನ ಸಮಯವನ್ನೆಲ್ಲ ತಿಂದರು. ಉಳಿದದ್ದನ್ನು ಬೇಗ ಹೇಳುತ್ತೇನೆ. ಗೋಡೆಗೆ ಹೊಡೆಯುವ ಎಮಲ್ಶನ್ ಆದರೆ ಅದೇ ದಿನ ಶಾಂಪೂ ನೀರಿನಲ್ಲಿ ನೆನೆಸಿ ತೊಳೆದರೆ ಬಹುಪಾಲು ಹೋಗುತ್ತದೆ, ವಾರ ಬಿಟ್ಟರೆ ಕ್ಲೇ ಬೇಕು. ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿಯಂಥ ಬಣ್ಣ ದಪ್ಪಗೆ ಬಿದ್ದಿದ್ದರೆ ನೀವು ಕೈಹಾಕದೆ ಕಸುಬಿನವರಿಗೆ ತೋರಿಸಿ. ಗಾಜಿನ ಮೇಲಿನದನ್ನು ಸೋಪುನೀರು ಹಚ್ಚಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬಹುದು. ದೀಪಗಳ ಮೇಲೆ ಬ್ಲೇಡ್ ಬೇಡ, ಅವು ಪ್ಲಾಸ್ಟಿಕ್ಕಿನವು. ಕ್ಲೇ ಹಾಕಿದ ಮೇಲೆ ಹಳೆಯ ವ್ಯಾಕ್ಸೂ ಹೋಗಿರುತ್ತದೆ, ಹೊಸದಾಗಿ ವ್ಯಾಕ್ಸ್ ಹಚ್ಚಿ. ಇನ್ನು ಕ್ಲೇ ಕೈಜಾರಿ ನೆಲಕ್ಕೆ ಬಿದ್ದರೆ ತೊಳೆದು ಬಳಸೋಣ ಎನ್ನಬೇಡಿ, ಅದರೊಳಗೆ ಮರಳು ಕೂತಿರುತ್ತದೆ. ಎಷ್ಟೇ ದುಬಾರಿಯಾಗಿದ್ದರೂ ಎಸೆದುಬಿಡಿ. ನಮಸ್ಕಾರ.