ಡಾಂಬರ್ ಕಾಯಿಸಲಾರದ ತಗ್ಗು ಮುಚ್ಚೂದು ಹೆಂಗ?

ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗಿನ ಕಡೆ ಹೊಂಟ್ರ ಎರಡೂ ಬಾಜೂ ಎರಿ ಭೂಮಿ ನೋಡ್ರಿ. ನೀರು ಕುಡದ್ರ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗಿ ಬಿರೀತೈತಿ. ಮ್ಯಾಲಿನ ಡಾಂಬರ್ ಒಂದೆಳಿ ಸೀಳಿದ್ರೂ ಸಾಕು, ಮಳಿನೀರು ಇಳದು ತಳ ಮೆತ್ತಗಾಗತೈತಿ. ಲಾರಿ ಗಾಲಿ ಒತ್ತಿದಂಗ ಆ ನೀರು ಖಡಿಗೆ ಹತ್ತಿದ ಡಾಂಬರ್ ಬಿಡಸತೈತಿ. ಹಿಂಗ ಬಿದ್ದ ತಗ್ಗಿಗೆ ಮಣ್ಣು, ಇಟ್ಟಂಗಿ ಚೂರು ಸುರದ್ರ ಅದು ನಿಲ್ಲಂಗಿಲ್ಲ.

ಬಿಸಿ ಮಾಲಿಗೆ, ಅಂದ್ರ ಖಡಿ-ಡಾಂಬರ್ ಮಿಶ್ರಣಕ್ಕ, 150 ಡಿಗ್ರಿ ಮ್ಯಾಲ ಕಾಯಿಸಬೇಕು. ನಾಕೈದು ತಗ್ಗಿಗಂತ ಪ್ಲಾಂಟಿನಿಂದ ತರೂದ್ರಾಗ ಆರತೈತಿ, 90ರ ಕೆಳಗ ಇಳಿದ್ರ ಎಷ್ಟು ಕುಟ್ಟಿದ್ರೂ ಗಟ್ಟಿ ಕೂಡಂಗಿಲ್ಲ. ಎಮಲ್ಶನ್ ಅಂದ್ರ ನೀರಿನಾಗ ಸಣ್ಣ ಹನಿಯಾಗಿ ಬೆರೆತ ಡಾಂಬರ್. ಕಾಯಿಸೂದು ಬ್ಯಾಡ, ಹೊಗಿ ಇಲ್ಲ. ರಸ್ತೆ ಎಂಜಿನಿಯರರ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ 2014ರಾಗ ಎಮಲ್ಶನ್ ಖಡಿಗೆ ಕೂಡಸೋ ಈ ತಣ್ಣನ ಮಿಶ್ರಣಕ್ಕ ಮಾರ್ಗಸೂಚಿನೂ ಕೊಟ್ಟೈತಿ.

ಗಟ್ಟಿ ಡಾಂಬರ್ ಸಿಗೂತನಕ ತಗ್ಗನ್ನ ಚೌಕ ಕತ್ತರಸ್ರಿ, ಅಂಚು ಗ್ವಾಡಿಹಂಗ ನೆಟ್ಟಗ ನಿಲ್ಲಬೇಕು. ಇಳಿಜಾರು ಅಂಚಿನ ಮ್ಯಾಲ ತೆಳ್ಳಗ ಕುಂತ ಮಾಲೇ ಮೊದಲ ಏಳೂದು. ಮೆತ್ತಗಿನ ತಳ ಅಷ್ಟೂ ತಗದು, ಖಡಿ-ಗರಸು ತುಂಬಿ ದಮ್ಮಸ್ ಬಡೀರಿ. ಕಿತ್ತ ಹಳೇ ಡಾಂಬರ್ ಹೆಂಟಿ ಒಗೀಬ್ಯಾಡ್ರಿ, ಒಡದು ಈ ತಳಕ್ಕ ಹಾಕ್ರಿ. ಧೂಳ ಪೂರ್ತಿ ಹೋಗಬೇಕು.

ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 5 ಸೆಂ.ಮೀ. ಆಳದ ತಗ್ಗಿಗೆ ಸುಮಾರು 55 ಕೆ.ಜಿ. ಮಾಲ್ ಬೇಕು. ತಳಕ್ಕ, ಅಂಚಿಗೆ ಬೇಗ ಒಡಿಯೋ (ಅಂದ್ರ ನೀರು, ಡಾಂಬರ್ ಬೇಗ ಬ್ಯಾರೆ ಆಗೋ) ಎಮಲ್ಶನ್ 150 ಗ್ರಾಂ ತೆಳ್ಳಗ ಬಳೀರಿ; ಹೆಚ್ಚಾದ್ರ ಬ್ಯಾಸಿಗ್ಯಾಗ ಡಾಂಬರ್ ಮ್ಯಾಲ ಉಕ್ಕತೈತಿ. ಮಿಶ್ರಣಕ್ಕ ಮಧ್ಯಮ ವೇಗದಾಗ ಒಡಿಯೋದು: 50 ಕೆ.ಜಿ. ಖಡಿ ಅರ್ಧ ಲೀಟರ್ ನೀರಿನಾಗ ನೆನಸಿ, ಸುಮಾರು 4 ಕೆ.ಜಿ. ಎಮಲ್ಶನ್ ಕೂಡಸ್ರಿ.

ಈಗ ಬಣ್ಣ ನೋಡ್ರಿ. ಕೂಡಸಿದಾಗ ಮಾಲ್ ಚಾಕ್ಲೇಟ್ ಕಂದು ಇರತೈತಿ. ಮೆಲ್ಲಕ ಖಡಿ ತುದಿಯಿಂದ ಕಪ್ಪಾಗ್ತಾ ಬಂದು, ನೀರು ಬ್ಯಾರೆ ಆಗಿ ಅಂಚಿನಾಗ ಹನಿಯಾಗತೈತಿ. ಕಂದು ಇರೂವಾಗ ಕುಟ್ಟಿದ್ರ ನೀರು ಒಳಗ ಸಿಕ್ಕೊಂಡು ಮಾಲ್ ಕದಲತೈತಿ. ಕಪ್ಪಾದ ಮ್ಯಾಲ ತಗ್ಗಿಗೆ ತುಂಬಿದ ಮಾಲ್ ಅಂಚಿಂದ ನಡುವಿಗೆ ಕುಟ್ಟ್ರಿ, ರಸ್ತೆಗಿಂತ 5 ಮಿ.ಮೀ. ಎತ್ತರ ಬಿಡ್ರಿ. ಹಸಿ ತಳಕ್ಕ ಎಮಲ್ಶನ್ ನಡಿತೈತಿ, ಆದ್ರ ಕಪ್ಪಾಗೂ ಮೊದಲ ಮಳಿ ಬಂದ್ರ ತೊಳದು ಹೋಗತೈತಿ.

ಪ್ಲಾಸ್ಟಿಕ್ ಚೂರು ಇದ್ರಾಗ ಹಾಕಬ್ಯಾಡ್ರಿ. ಅದು ಬಿಸಿ ಖಡಿಗಷ್ಟ ಕರಗಿ ಹತ್ತತೈತಿ, ಬಿಸಿ ಮಾಲಿನಾಗ ಡಾಂಬರಿನ ತೂಕದ 6ರಿಂದ 8 ಶೇಕಡಾ ಹಾಕ್ತಾರ.

ಕಡೀಗೆ ರಸ್ತೆ ಬದಿ ಮಣ್ಣು ನೋಡ್ರಿ. ಡಾಂಬರಿಗಿಂತ ಎತ್ತರ ಬೆಳೆದಿದ್ರ ನೀರು ಅಂಚಿಗೇ ನಿಂತು ತಳಕ್ಕ ಇಳೀತೈತಿ; ಗಟಾರಕ್ಕ ಹರಿಯೋಹಂಗ ಸಲಿಕಿಲೇ ಆ ಮಣ್ಣು ಕಡದು ತಗೀರಿ.