ಹಬ್ಬದ ಡಬ್ಬಿ, ಮದುವೆಯ ಮುಯ್ಯಿ, ಸರ್ಕಾರಿ ನೌಕರರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸಣ್ಣ ಉದ್ಯಮ ನಡೆಸುವವರು. ಹಾಗಾಗಿ ಉಡುಗೊರೆ ತಗೊಳ್ಳುವ ಸರ್ಕಾರಿ ನೌಕರರನ್ನು ಬಯ್ಯುತ್ತಾ ಕೂರುವುದಿಲ್ಲ. ಕೊಡುವವರ ಬಗ್ಗೆ ಮಾತಾಡೋಣ.

ಆಯುಧಪೂಜೆ ಬಂತೆಂದರೆ ಆಫೀಸುಗಳಿಗೆ ಡಬ್ಬಿಗಳು ಹೊರಡುತ್ತವೆ. ಅದಕ್ಕೊಂದು ಪಟ್ಟಿ. ಸಾಹೇಬರಿಗೆ ಬಾದಾಮಿ-ಗೋಡಂಬಿ, ಕ್ಲರ್ಕಿಗೆ ಮೈಸೂರುಪಾಕು. ಸಾಹೇಬರಿಗೆ ವರ್ಗವಾದರೆ ಮುಂದಿನ ವರ್ಷ ಅವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಆ ಕುರ್ಚಿಗೆ ಬಂದವರ ಹೆಸರಿರುತ್ತದೆ. ಇದನ್ನು ಪ್ರೀತಿ ಅಂತ ಹೇಗೆ ಕರೆಯೋಣ, ಹೇಳಿ.

ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳಿವೆ. ಉಡುಗೊರೆಯ ವಿಷಯ ಬರುವುದು 13ನೇ ನಿಯಮದಲ್ಲಿ. ನೌಕರರ ಕೈಗೇ ಕೊಡಬೇಕೆಂದಿಲ್ಲ, ಮನೆಯವರ ಕೈಗೆ ಕೊಟ್ಟರೂ ಅದು ಉಡುಗೊರೆಯೇ. ರಾಜ್ಯದ ನೌಕರರಿಗೆ ಬೇರೆ ನಿಯಮಗಳಿವೆ, ಅವು 2021ರವು. ಇವತ್ತು ಕೇಂದ್ರದ್ದನ್ನೇ ಹಿಡಿದುಕೊಳ್ಳೋಣ.

ತೊಡಕು ಜಾಸ್ತಿ ಇರುವುದು ಮದುವೆಯಲ್ಲಿ. ಮುಯ್ಯಿ ಮಾಡದೆ ಊಟ ಮಾಡಿ ಬರುವುದು ನಮಗೆ ಒಗ್ಗುವುದಿಲ್ಲ. ನಿಯಮ ಬರೆದವರಿಗೂ ಇದು ಗೊತ್ತಿತ್ತು. ಮದುವೆಯಂಥ ಸಂದರ್ಭದಲ್ಲಿ ಹತ್ತಿರದ ನೆಂಟರು, ಕಚೇರಿ ವ್ಯವಹಾರ ಇಲ್ಲದ ಗೆಳೆಯರು ಸಂಪ್ರದಾಯದಂತೆ ಕೊಟ್ಟಿದ್ದನ್ನು ತಗೊಳ್ಳಬಹುದು. ಎ ಗುಂಪಿನ, ಅಂದರೆ ಮೇಲಿನ ದರ್ಜೆಯ, ಅಧಿಕಾರಿಗಾದರೆ ಅದು 25,000 ರೂಪಾಯಿ ದಾಟಿದಾಗ ಸರ್ಕಾರಕ್ಕೆ ತಿಳಿಸಬೇಕು. ನಿಮ್ಮ ಬಿಲ್ಲು ಅವರ ಮೇಜಿನ ಮೇಲಿದೆ ಅನ್ನಿ. ಆಗ ನೀವು ಅವರ ಜೊತೆ ಒಂದೇ ಬೆಂಚಿನಲ್ಲಿ ಓದಿದವರಾದರೂ ಈ ರಿಯಾಯಿತಿಗೆ ಸೇರುವುದಿಲ್ಲ. ಉಳಿದವರು ಕೊಡುವ ಉಡುಗೊರೆ ಎ, ಬಿ ಗುಂಪಿಗೆ 5,000, ಸಿ ಗುಂಪಿಗೆ 2,000 ರೂಪಾಯಿ ದಾಟಿದರೆ ಅವರು ಮೊದಲು ಸರ್ಕಾರದ ಅನುಮತಿ ಪಡೆಯಬೇಕು.

ಹಾಗಾದರೆ 4,900ರ ಬೆಳ್ಳಿ ದೀಪ ಕೊಡಬಹುದು ಅಲ್ವಾ? ಲೆಕ್ಕ ಜೋರಾಗಿದೆ! ಆದರೆ ನಡತೆ ನಿಯಮ ಬೇರೆ, 1988ರ ಭ್ರಷ್ಟಾಚಾರ ತಡೆ ಕಾಯ್ದೆ ಬೇರೆ. ಆ ಕಾಯ್ದೆಯಲ್ಲಿ ಇಷ್ಟು ರೂಪಾಯಿವರೆಗೆ ಪರವಾಗಿಲ್ಲ ಅನ್ನುವ ಮಾತೇ ಇಲ್ಲ. ಕೆಲಸ ಮಾಡಿಸಿಕೊಳ್ಳಲು ಕೊಟ್ಟಿದ್ದು ದೀಪವಾದರೂ ಲಂಚವೇ. 2018ರ ತಿದ್ದುಪಡಿ ಬಂದ ಮೇಲೆ ಕೊಟ್ಟವರಿಗೂ ಏಳು ವರ್ಷದವರೆಗೆ ಜೈಲಾಗಬಹುದು. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ತಿಳಿಸಿದವರಿಗೆ ಈ ಶಿಕ್ಷೆ ಇಲ್ಲ. ಈ ಏಳು ದಿನದ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇನ್ನೊಂದು ಮಾತು. ನಿಮ್ಮ ಮ್ಯಾನೇಜರು ಕಂಪನಿಗೆ ಲಾಭವಾಗಲಿ ಅಂತ ಕೊಟ್ಟರೆ ಕಂಪನಿಯೂ ದಂಡ ಕಟ್ಟಬೇಕಾಗುತ್ತದೆ.

ಒಬ್ಬರು ಚೀಟಿ ಕಳಿಸಿದ್ದಾರೆ: "ತಪಾಸಣೆಗೆ ಬಂದವರಿಗೆ ಕಾಫಿಯೂ ಕೊಡಬಾರದಾ?" ಕೊಡಿ ಸಾರ್, ಧಾರಾಳವಾಗಿ ಕೊಡಿ. ಯಾವಾಗಲೋ ಒಮ್ಮೆ ಊಟ, ಬಸ್ ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಡುವುದು, ಇವನ್ನು 13ನೇ ನಿಯಮ ಉಡುಗೊರೆ ಅನ್ನುವುದಿಲ್ಲ. ರೆಸಾರ್ಟಿನಲ್ಲಿ ರೂಮು ಮಾಡಿಸಿದರೆ ಮಾತ್ರ ಅದು ಉಡುಗೊರೆಯೇ, ಬಿಲ್ಲು ಯಾರ ಹೆಸರಲ್ಲೇ ಇರಲಿ.